ಲ್ಯಾಕ್ಟೋಮೀಟರ್: ನೀರು ಬೆರೆಸಿಲ್ಲ ಅಂತ ತೋರಿಸಲು ಯಾವುದು ಕೊಳ್ಳಬೇಕು?

ಡೇರಿಯಲ್ಲಿ ನಾಲ್ಕು ಜನರ ಮುಂದೆ ‘ಡಿಗ್ರಿ ಬರ್ತಿಲ್ಲ, ನೀರು ಹಾಕಿದ್ದೀರಿ’ ಅಂದರೆ ಮರ್ಯಾದೆ ಹೋದ ಹಾಗೆಯೇ. ಆ ಸಿಟ್ಟಿನಲ್ಲಿ ಮಂಡ್ಯಕ್ಕೆ ಹೋಗಿ ಮೊದಲು ಸಿಕ್ಕ ಲ್ಯಾಕ್ಟೋಮೀಟರ್ (ಹಾಲಿನ ಸಾಂದ್ರತೆ ಅಳೆಯುವ ತೇಲುಕಡ್ಡಿ; ಅದರ ರೀಡಿಂಗೇ ಡೇರಿಯವರ ‘ಡಿಗ್ರಿ’) ತಂದರೆ ಅದೂ ಡೇರಿಯವರ ಮಾತನ್ನೇ ಹೇಳೀತು. ಕೊಳ್ಳುವ ಮೊದಲು ಗಾಜಿನ ಕಡ್ಡಿಯೊಳಗಿನ ಚೀಟಿ ಓದಿ.

ಎಂ (ಹಾಲು), 3, 2, 1, ಡಬ್ಲ್ಯೂ (ನೀರು) ಎಂಬ ಗುರುತಿನದು ಬರೀ ಆಟಿಕೆ. 60 ಫ್ಯಾರನ್‌ಹೀಟ್ ಎಂದಿದ್ದರೆ 15.5 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ್ದು. ನಮ್ಮ ಸೆಕೆಗೆ ಆಗಿಬರುವುದಿಲ್ಲ. 27 ಡಿಗ್ರಿ ಸೆಲ್ಸಿಯಸ್‌ನದನ್ನೇ ಕೇಳಿ. ಹಾಲು ಒಂದು ಡಿಗ್ರಿ ಬಿಸಿಯಾದರೆ ರೀಡಿಂಗ್ ಸುಮಾರು 0.2 ಇಳಿಯುತ್ತದೆ. 33 ಡಿಗ್ರಿ ಹಾಲಿನಲ್ಲಿ 27ರ ಮೀಟರಿಗೆ 1.2 ಕೂಡಿಸಬೇಕು, 60ರದಕ್ಕೆ 3.5. ಕೂಡಿಸದಿದ್ದರೆ 28 ಇರಬೇಕಾದ ಹಾಲು 24.5 ತೋರಿಸಿ, ತೊಟ್ಟು ನೀರು ಹಾಕದವನೂ ಕಳ್ಳನಾಗುತ್ತಾನೆ! ಹಾಗಾಗಿ ಥರ್ಮಾಮೀಟರ್ ಬೇರೆ ಬೇಕೇ ಬೇಕು.

ಲ್ಯಾಕ್ಟೋಮೀಟರಿನ ದೊಡ್ಡ ದೋಷ ಚೀಟಿ ಸಡಿಲವಾಗಿ ಜಾರುವುದು. ಅಂಗಡಿಯಲ್ಲೇ ಎರಡು ಮೀಟರನ್ನು ಒಂದೇ ಜಾರಿನಲ್ಲಿ ಒಂದಾದ ಮೇಲೊಂದು ತೇಲಿಸಿ. ಅರ್ಧ ಗೀಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎರಡೂ ಬೇಡ. ಬುಡಕ್ಕೆ ಹಾಲಿನ ಪೊರೆ ಒಣಗಿದ್ದರೂ ಭಾರಕ್ಕೆ ಮುಳುಗಿ ಡಿಗ್ರಿ ಕಡಿಮೆ ತೋರುತ್ತದೆ.

ಆಗಷ್ಟೇ ಕರೆದ ಹಾಲನ್ನು ಅಳೆಯಬೇಡಿ. ನೊರೆಯ ಗಾಳಿ, ಇನ್ನೂ ಗಟ್ಟಿಯಾಗದ ಜಿಡ್ಡು, ಎರಡೂ ಸೇರಿ ಹಾಲು ಹಗುರ. ತಕರಾರಿದ್ದರೆ 40 ಡಿಗ್ರಿಗೆ ಬಿಸಿ ಮಾಡಿ, 5 ನಿಮಿಷ ಬಿಟ್ಟು, 27ಕ್ಕೆ ತಣಿಸಿ. ಜಾರ್ ಓರೆ ಹಿಡಿದು ನೊರೆ ಏಳದಂತೆ ಸುರಿಯಿರಿ. ಮೀಟರ್ ಗೋಡೆಗೆ ತಾಕದೆ ನಿಂತ ಮೇಲೆ ಕಣ್ಣಿನ ನೇರಕ್ಕೆ ಓದಿ.

ಇಷ್ಟಾದರೂ ಕಡಿಮೆ ಬಂದರೆ? ಕಬ್ಬಿನ ಸೋಗೆ, ಒಣಹುಲ್ಲಲ್ಲೇ ದಿನ ತಳ್ಳುವ ಸೀಮೆಹಸುವಿನ ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ತಾನಾಗಿಯೇ ಶೇಕಡಾ 8.3ರ ಕೆಳಗೆ ಇಳಿಯಬಹುದು. ಅದನ್ನು ನೀರಿನಿಂದ ಬೇರೆ ಮಾಡಿ ಹೇಳಲು ಈ ಮೀಟರಿಗೆ ಬರುವುದಿಲ್ಲ. ಹಾಲು ಪರೀಕ್ಷಿಸುವ ಅಲ್ಟ್ರಾಸೋನಿಕ್ (ಶಬ್ದತರಂಗದ) ಯಂತ್ರದ ಚೀಟಿಯಲ್ಲಿ ಬರುವ ‘ನೀರು ಶೇಕಡಾ’ ಕೂಡ ಎಸ್‌ಎನ್‌ಎಫ್‌ನಂಥ ಅಂಕಿಗಳಿಂದ ಲೆಕ್ಕ ಹಾಕಿದ್ದೇ ಹೊರತು ನೇರ ಅಳೆದದ್ದಲ್ಲ. ನೀರನ್ನು ಬೇರೆ ಮಾಡಿ ಹೇಳುವುದು ಹಾಲು ಮಂಜುಗಡ್ಡೆಯಾಗುವ ಉಷ್ಣತೆ ಅಳೆಯುವ ಕ್ರಯೋಸ್ಕೋಪ್: ಹಸುವಿನ ಹಾಲು ಮೈನಸ್ 0.54 ಡಿಗ್ರಿ ಆಸುಪಾಸಿನಲ್ಲಿ ಮಂಜುಗಡ್ಡೆಯಾಗುತ್ತದೆ, ನೀರು ಬೆರೆತಷ್ಟೂ ಸೊನ್ನೆಯತ್ತ ಸರಿಯುತ್ತದೆ. ಆ ಪರೀಕ್ಷೆ ಲ್ಯಾಬಿನಲ್ಲಿ ಮಾಡಿಸಿ ಎಂದು ಬರೆದುಕೊಡಿ.

ಜೊತೆಗೆ ಮರುಹೊತ್ತಿಗೆ ಡೇರಿ ಸೆಕ್ರೆಟರಿಯನ್ನು ಕೊಟ್ಟಿಗೆಗೆ ಕರೆಸಿ, ಅವರೆದುರೇ ನಾಲ್ಕೂ ಮೊಲೆ ಬರಿದಾಗುವ ತನಕ ಕರೆಯಿರಿ. ಮೊದಲ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯದರಲ್ಲಿ ಹೆಚ್ಚು. ಅರ್ಧಕ್ಕೆ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ಕಲಕಿ, ಎರಡು ಬಾಟಲಿ ಸೀಲ್ ಮಾಡಿ, ಒಂದು ನಿಮ್ಮಲ್ಲಿರಲಿ. ಡಿಗ್ರಿ ಹಿಂದಿನಷ್ಟೇ ಬಂದರೆ ‘ನೀರು ಬೆರೆಸಿಲ್ಲ’ ಎಂದು ಡೇರಿ ರಿಜಿಸ್ಟರಿನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.