ಹೊಸ ಬಟ್ಟೆ ಹೊದಿಸಿದ ಹಳೇ ಸೋಫಾ ಕೊಳ್ಳುವ ಮುಂಚೆ ಅದರ ಅಡಿ ಬಿಚ್ಚಿಸಿ ನೋಡಿ

ಹಳೇ ಸೋಫಾ, ಕುರ್ಚಿಗಳಿಗೆ ಬಣ್ಣ ಬಳಿದು, ಹೊಸ ಬಟ್ಟೆ ಹಾಕಿ ಮಾರುವವರ ಹತ್ತಿರ ಏನಾದರೂ ಕೊಳ್ಳಬೇಕು ಅಂತಿದ್ದರೆ ದಯವಿಟ್ಟು ಇದನ್ನು ಓದಿ. ನಾವು ಒಂದು ಸೋಫಾ, ಎರಡು ಮರದ ಕುರ್ಚಿ ತಂದೆವು. ದುಡ್ಡು ಹೋಗಿದ್ದು ಒಂದು ಕಡೆ. ಮಗುವಿನ ರಕ್ತ ಪರೀಕ್ಷೆ ಮಾಡಿಸುವ ತನಕ ಬಂತು.

ಮೊದಲೇ ಹೇಳಿಬಿಡುತ್ತೇನೆ, ನಾವು ಕೇಳದೇ ತಂದಿದ್ದಲ್ಲ. ಒಳಗಿನ ಸ್ಪಂಜ್ ಬದಲಾಯಿಸಿದ್ದೀರಾ, ಹಳೇ ಬಟ್ಟೆ ಕಿತ್ತಿದ್ದೀರಾ, ಮರಕ್ಕೆ ಹುಳು ಹಿಡಿದಿಲ್ಲ ತಾನೇ ಅಂತ ಒಂದೊಂದಾಗಿ ಕೇಳಿದ್ದೆವು. "ಮರದ ಚೌಕಟ್ಟು ಒಂದು ಬಿಟ್ಟರೆ ಎಲ್ಲ ಹೊಸದೇ" ಅಂದರು. ಅದು ಶುದ್ಧ ಸುಳ್ಳು.

ಸೋಫಾ ಬಂದ ಮೇಲೆ ಕೈ, ಕುತ್ತಿಗೆ ಮೇಲೆ ಸಾಲಾಗಿ ಕೆಂಪು ಗಂಟು ಏಳತೊಡಗಿದವು. ಸೊಳ್ಳೆ ಅಂದುಕೊಂಡೆವು. ಸೊಳ್ಳೆಪರದೆ ಕಟ್ಟಿದರೂ ಕಡಿತ ನಿಲ್ಲಲಿಲ್ಲ. ಆಮೇಲೆ ಸೋಫಾ ಮಗುಚಿ, ಅಡಿಯಲ್ಲಿ ಪಿನ್ ಹೊಡೆದಿದ್ದ ಕಪ್ಪು ಬಟ್ಟೆ ಬಿಚ್ಚಿದೆವು. ಹೊಸ ನೀಲಿ ಬಟ್ಟೆಯ ಕೆಳಗೆ ಹಳೇ ಕಂದು ಬಟ್ಟೆ ಹಾಗೇ ಇತ್ತು. ಸ್ಪಂಜ್ ಮುಟ್ಟಿದರೆ ಪುಡಿಪುಡಿ. ಹೊಲಿಗೆಯ ಉದ್ದಕ್ಕೂ ಇಂಕ್ ಚುಕ್ಕಿಯಂಥ ಕಪ್ಪು ಕಲೆ, ಕಳಚಿಬಿದ್ದ ತೆಳು ಸಿಪ್ಪೆ, ಮಡಿಕೆಗಳ ಒಳಗೆ ಜೀವಂತ ತಿಗಣೆ.

ತಿಗಣೆ ವಿಷಯದಲ್ಲಿ ಜನ ಹೇಳುವ ಸುಲಭದ ಉಪಾಯಗಳನ್ನು ನಂಬಬೇಡಿ. "ಎರಡು ತಿಂಗಳು ಖಾಲಿ ಕೋಣೆಯಲ್ಲಿಡು, ಸಾಯುತ್ತವೆ" ಅಂತಾರೆ. ರಕ್ತ ಸಿಗದೆ ಅವು ತಿಂಗಳುಗಟ್ಟಲೆ ಬದುಕುತ್ತವೆ. ಬಿಸಿಲಿಗಿಟ್ಟರೆ ಮೇಲಿನ ಬಟ್ಟೆ ಕಾಯುತ್ತದೆ, ಸ್ಪಂಜಿನ ನಡುವೆ ಶಾಖ ತಲುಪುವುದಿಲ್ಲ. ಸುಮಾರು 50 ಡಿಗ್ರಿ ಶಾಖ ಒಳಗಿನ ತನಕ ಹೋಗಿ, ಸಾಕಷ್ಟು ಹೊತ್ತು ನಿಂತರೆ ಮಾತ್ರ ಮೊಟ್ಟೆ ಸಮೇತ ಸಾಯುತ್ತವೆ. ದೊಡ್ಡ ತಿಗಣೆ ಸುಮಾರು 5 ಮಿಲಿಮೀಟರ್ ಇರುತ್ತದೆ, ಕಣ್ಣಿಗೆ ಬೀಳುತ್ತದೆ. ಮೊಟ್ಟೆ ಬರೀ 1 ಮಿಲಿಮೀಟರ್. ಎಷ್ಟೋ ಔಷಧಿ ಮೊಟ್ಟೆಯನ್ನು ಕೊಲ್ಲುವುದೇ ಇಲ್ಲ, ಹಾಗಾಗಿ ಒಂದು ಸಲ ಸಿಂಪಡಿಸಿದರೆ ಮುಗಿಯುವುದಿಲ್ಲ. ನಮ್ಮಲ್ಲಿ ಅವು ಹಾಸಿಗೆ, ಮಂಚದ ಸಂದಿಗೂ ಹೋಗಿದ್ದವು. ಪದೇ ಪದೇ ಔಷಧಿ ಹೊಡೆಸಬೇಕಾಯಿತು. ಆ ರಾತ್ರಿಗಳಲ್ಲಿ ಮನೆಯವರೆಲ್ಲ ನಿದ್ದೆಗೆಟ್ಟಿದ್ದು ಯಾರಿಗೂ ಬೇಡ.

ಒಂದು ಕುರ್ಚಿಯ ಕಾಲಿನ ಹತ್ತಿರ ನೆಲದ ಮೇಲೆ ನುಣ್ಣನೆ ಹಿಟ್ಟಿನಂಥ ಪುಡಿ ಬೀಳತೊಡಗಿತು. ಗುಡಿಸಿದರೆ ಮತ್ತೆ ಬೀಳುತ್ತಿತ್ತು. ಕುಟ್ಟೆ ಹುಳು. ಹಳೇ ತೂತುಗಳನ್ನು ಪುಟ್ಟಿಯಿಂದ ಮುಚ್ಚಿ, ಮೇಲೆ ಬಿಳಿ ಬಣ್ಣ ಬಳಿದಿದ್ದರು. ಮರಿಹುಳುಗಳು ಮರದ ಒಳಗೇ ವರ್ಷಗಟ್ಟಲೆ ತಿನ್ನುತ್ತಾ ಇರಬಲ್ಲವು, ಮೇಲಿನ ಬಣ್ಣದಿಂದ ಅವಕ್ಕೇನೂ ಆಗದು. ಹೊಸ ಬಣ್ಣದ ಮೇಲೆ ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಹುಳು ಈಗಲೂ ಇದೆ ಅಂತಲೇ ತಿಳಿಯಿರಿ.

ನನಗೆ ಇವತ್ತಿಗೂ ಸಿಟ್ಟು ಇಳಿಯದ ವಿಷಯ ಬಣ್ಣದ್ದು. ಕುರ್ಚಿಯ ಕೈ ಮೇಲೆ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ನುಣುಪಾದ ಹಳೇ ಬಣ್ಣವನ್ನು ಉಜ್ಜದೆ, ಪ್ರೈಮರ್ ಹಾಕದೆ ಮೇಲೆ ಬಳಿದರೆ ಹಿಡಿಯುವುದಿಲ್ಲ. ಎದ್ದ ಚಕ್ಕೆಯ ಕೆಳಗೆ ಹಸಿರು, ಅದರ ಕೆಳಗೆ ಇನ್ನೊಂದು ಬಣ್ಣ. ನಮ್ಮ ಮಗು ಆಗ ಕುರ್ಚಿ ಹಿಡಿದು ನಿಲ್ಲುವ, ಸಿಕ್ಕಿದ್ದನ್ನೆಲ್ಲ ಕಚ್ಚುವ ವಯಸ್ಸಿನದು. ಹಳೇ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಅದನ್ನು 1978ರಲ್ಲಿ ನಿಷೇಧಿಸಿದರು, ಎಷ್ಟೋ ದೇಶಗಳಲ್ಲಿ ಕಾನೂನು ಬಂದಿದ್ದು ಬಹಳ ತಡವಾಗಿ. ಇಷ್ಟು ಸೀಸ ದೇಹಕ್ಕೆ ಹೋದರೆ ತೊಂದರೆ ಇಲ್ಲ ಅನ್ನುವ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಿಕ್ಕ ಮಕ್ಕಳ ಮಿದುಳಿಗೆ ಅದರಿಂದ ಜಾಸ್ತಿ ಹಾನಿ. ಚಕ್ಕೆಯನ್ನು ಪ್ರಯೋಗಾಲಯಕ್ಕೆ ಕಳಿಸಿದೆವು, ಸೀಸ ಇತ್ತು. ಮಗುವಿನ ವರದಿ ಸದ್ಯ ಚೆನ್ನಾಗಿ ಬಂತು. ಅದು ಕೈಗೆ ಬರುವ ತನಕ ನಾವಿಬ್ಬರೂ ಸರಿಯಾಗಿ ಉಸಿರಾಡಿಲ್ಲ.

ನೀವೇ ಹಳೇ ಕುರ್ಚಿಗೆ ಬಣ್ಣ ಹೊಡೆಯಲು ಹೊರಟಿದ್ದರೂ ಇದು ಅನ್ವಯಿಸುತ್ತದೆ. ಪರೀಕ್ಷೆ ಮಾಡಿಸದೆ ಹಳೇ ಬಣ್ಣವನ್ನು ಒಣದಾಗಿ ಉಪ್ಪುಕಾಗದದಿಂದ ಉಜ್ಜಬೇಡಿ. ಆ ಧೂಳು ಇಡೀ ಮನೆಗೆ ಹರಡುತ್ತದೆ. ಮನೆಯ ಮಾಮೂಲಿ ವ್ಯಾಕ್ಯೂಮ್ ಹಾಕಿದರೆ ಸಣ್ಣ ಕಣಗಳು ಅದರ ಹಿಂಬದಿಯಿಂದ ಮತ್ತೆ ಗಾಳಿಗೆ ಬರುತ್ತವೆ. ಮನೆಯಲ್ಲೇ ಉಜ್ಜಿ ನೋಡುವ ಪರೀಕ್ಷೆ ಕಿಟ್‌ಗಳು ಕೆಲವು ಸಲ ತಪ್ಪು ತೋರಿಸುತ್ತವೆ, ಪ್ರಯೋಗಾಲಯವೇ ಮೇಲು.

ಕೊಳ್ಳುವುದಾದರೆ ಅಡಿಯ ಕಪ್ಪು ಬಟ್ಟೆಯ ಒಂದು ಮೂಲೆ ಎದುರಿಗೇ ಬಿಚ್ಚಿಸಿ, ಟಾರ್ಚ್ ಹಾಕಿ ನೋಡಿ. ಕಾಲುಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಬೇಡ. ಕಾಣದ ಜಾಗದಲ್ಲಿ ಬಣ್ಣವನ್ನು ಉಗುರಿನಿಂದ ಕೆರೆಯಿರಿ. ಎಲ್ಲಕ್ಕಿಂತ ಮುಖ್ಯ, ಕೆಲಸ ನಡೆಯುವಾಗ ತೆಗೆದ ಫೋಟೋ ಕೇಳಿ. ಬಟ್ಟೆ, ಸ್ಪಂಜ್ ಎಲ್ಲ ಕಿತ್ತು ಬರೀ ಚೌಕಟ್ಟು ಕಾಣುವ ಫೋಟೋ. ಕಷ್ಟಪಟ್ಟು ಕೆಲಸ ಮಾಡಿದವರು ಅದನ್ನು ಖುಷಿಯಿಂದ ತೋರಿಸುತ್ತಾರೆ, ಅಲ್ವಾ? "ಸುಮ್ನೆ ಯಾಕೆ ಬಿಚ್ಚೋದು, ನಂಬಿಕೆ ಇಲ್ವಾ" ಅನ್ನುವವರ ಹತ್ತಿರ ಕೊಳ್ಳಬೇಡಿ.

ನಮಗೆ ಮಾರಿದವರು ಮೊದಲು ತಿಗಣೆ ನಿಮ್ಮ ಮನೆಯದೇ ಅಂದರು. ಫೋಟೋ ಕಳಿಸಿದ ಮೇಲೆ ಅರ್ಧ ದುಡ್ಡು ಕೊಟ್ಟು ಎಲ್ಲ ವಾಪಸ್ ಒಯ್ಯುತ್ತೇವೆ ಅಂದರು. ನಾವು ಸಾಮಾನು ಕೊಡಲಿಲ್ಲ. ಕೊಟ್ಟಿದ್ದರೆ ಇನ್ನೊಂದು ಬಟ್ಟೆ ಹೊದಿಸಿ, ಇನ್ನೊಂದು ಸಲ ಬಣ್ಣ ಬಳಿದು ಇನ್ಯಾರದೋ ಮನೆಗೆ ಕಳಿಸುತ್ತಿದ್ದರು. ಸೋಫಾದ ಬಟ್ಟೆಯನ್ನು ಉದ್ದಕ್ಕೂ ಹರಿದು, ಪ್ಲಾಸ್ಟಿಕ್ ಸುತ್ತಿ, ಮೇಲೆ "ತಿಗಣೆ ಇದೆ, ಒಯ್ಯಬೇಡಿ" ಅಂತ ದಪ್ಪ ಅಕ್ಷರದಲ್ಲಿ ಬರೆದು ಕಸಕ್ಕೆ ಕೊಟ್ಟೆವು. ಇಂಥದ್ದನ್ನು ನೀವೂ ಬಿಸಾಡಬೇಕಾಗಿ ಬಂದರೆ ಹಾಗೇ ಮಾಡಿ, ಬೀದಿಯಲ್ಲಿಟ್ಟ ಸೋಫಾವನ್ನು ಯಾರಾದರೂ ಎತ್ತಿಕೊಂಡು ಹೋಗೇ ಹೋಗುತ್ತಾರೆ.