ಒಂದೇ ಪುಟ್ಟ ಟೂಲ್, ಮೂರು ಸಲ ಬರೆದೆ: ಟಿಕಿಂಟರ್, ಎಲೆಕ್ಟ್ರಾನ್, ಟೌರಿ

ಫೋಟೋ ಫೈಲುಗಳಿಗೆ ಅವನ್ನು ತೆಗೆದ ದಿನಾಂಕವನ್ನೇ ಹೆಸರಾಗಿ ಇಡಬೇಕು. ಟೂಲಿನ ಕೆಲಸ ಇಷ್ಟೇ. ಇದನ್ನು ಮೂರು ಸಲ ಬರೆದದ್ದು ಸುಮ್ನೆ ಚಟಕ್ಕಲ್ಲ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿದ್ದು ಗೆಳೆಯನ ಲ್ಯಾಪ್‌ಟಾಪಿನಲ್ಲಿ ಮುಗ್ಗರಿಸಿತು, ಅದಕ್ಕೆ. ಶೀರ್ಷಿಕೆಯ ಮೂರು ಹೆಸರೂ ವಿಂಡೋ, ಬಟನ್ ಇರುವ ಆ್ಯಪ್ ಕಟ್ಟುವ ಸಾಧನಗಳದ್ದು.

ಮೊದಲು ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಮತ್ತು ಟಿಕಿಂಟರ್. ಒಂದೇ ಸಂಜೆಯಲ್ಲಿ ಮುಗಿಯಿತು. ನೋಟ ಮಾತ್ರ ಹಳೇ ಕಾಲದ್ದು. ಎರಡು ಸಾವಿರ ಫೋಟೋ ಕೊಟ್ಟಾಗ ವಿಂಡೋ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್' ಅಂದಿತು. ತಪ್ಪು ನನ್ನದೇ. ವಿಂಡೋ ನೋಡಿಕೊಳ್ಳುವ ಥ್ರೆಡ್ಡಿಗೇ (ಪ್ರೋಗ್ರಾಮಿನೊಳಗೆ ಓಡುವ ಒಂದು ಕೆಲಸದ ಎಳೆ) ಫೈಲ್ ಕೆಲಸವನ್ನೂ ಹೊರಿಸಿದ್ದೆ. ಬೇರೆ ಥ್ರೆಡ್ ಮಾಡಿ, ನಡುವೆ ಸಂದೇಶ ಸಾಗಿಸಲು ಒಂದು ಕ್ಯೂ (ಸರದಿ ಸಾಲು) ಇಟ್ಟ ಮೇಲೆ ಸರಿಹೋಯಿತು.

ನಿಜವಾದ ತಲೆನೋವು ಶುರುವಾದದ್ದು ಇನ್ನೊಬ್ಬರಿಗೆ ಕೊಡುವಾಗ. ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲೂ ಓಡುವಂತೆ ಟೂಲನ್ನು ಕಟ್ಟಿಕೊಡುವ ಪೈಇನ್‌ಸ್ಟಾಲರ್‌ನ 'ಒನ್‌ಫೈಲ್' ಆಯ್ಕೆಯಲ್ಲಿ ಎಲ್ಲವೂ ಒಂದೇ ಫೈಲಿನಲ್ಲಿ ಬರುತ್ತದೆ. ನೋಡೋಕೆ ಚೆಂದ. ಆದರೆ ಪ್ರತಿ ಸಲ ತೆರೆದಾಗಲೂ ಅದು ಒಳಗಿರುವ ಪೈಥಾನನ್ನೆಲ್ಲ ಟೆಂಪ್ ಫೋಲ್ಡರಿಗೆ ಬಿಚ್ಚಿಕೊಳ್ಳಬೇಕು. ಗೆಳೆಯ ಡಬಲ್ ಕ್ಲಿಕ್ ಮಾಡಿದ. ಏನೂ ಕಾಣಲಿಲ್ಲ. ಮತ್ತೆ ಮಾಡಿದ. ಆಮೇಲೆ ಎರಡು ವಿಂಡೋ ಒಟ್ಟಿಗೇ ತೆರೆದುಕೊಂಡವು. ಮಾರನೇ ದಿನ ಅವನ ಆಂಟಿವೈರಸ್ ಟೂಲನ್ನೇ ಅಳಿಸಿಹಾಕಿತು! ಎಲ್ಲವನ್ನೂ ಮೊದಲೇ ಬಿಚ್ಚಿ ಒಂದು ಫೋಲ್ಡರಿನಲ್ಲಿ ಇಡುವ 'ಒನ್‌ಡೈರ್' ಆಯ್ಕೆಗೆ ಬದಲಿಸಿ, ಇಡೀ ಫೋಲ್ಡರನ್ನು ಜಿಪ್ ಮಾಡಿ ಕೊಟ್ಟೆ. ಎರಡೂ ಕಾಟ ನಿಂತಿತು.

ಎಲೆಕ್ಟ್ರಾನ್ ಬಗ್ಗೆ ಹೇಳೋದು ಕಡಿಮೆ. ಕ್ರೋಮಿಯಂ (ಕ್ರೋಮ್ ಬ್ರೌಸರಿನ ತಿರುಳು), ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಎರಡನ್ನೂ ಹೊತ್ತು ತರುವುದರಿಂದ ಎಲ್ಲ ಕಡೆ ಒಂದೇ ಥರ ಕಾಣುತ್ತದೆ. ಲಿನಕ್ಸ್‌ನಲ್ಲಿ ಟಿಕಿಂಟರ್ ನನ್ನ ಕನ್ನಡ ಫೋಲ್ಡರ್ ಹೆಸರುಗಳ ಒತ್ತಕ್ಷರಗಳನ್ನು ಬಿಡಿಸಿ ಸಾಲಾಗಿ ನಿಲ್ಲಿಸಿತ್ತು. ಇಲ್ಲಿ ಆ ರಗಳೆಯೇ ಇಲ್ಲ. ಆದರೆ ಹೆಸರು ಬದಲಿಸುವ ಟೂಲಿಗೆ ಇನ್‌ಸ್ಟಾಲ್ ಆದ ಮೇಲೆ 200 ಎಂಬಿಗಿಂತ ಜಾಸ್ತಿ ಜಾಗ! ಕೊಡೋಕೇ ಸಂಕೋಚ ಆಯಿತು.

ಟೌರಿಯ ಮೊದಲ ಪೂರ್ಣ ಆವೃತ್ತಿ 2022ರಲ್ಲಿ ಬಂತು. ಇದು ಬ್ರೌಸರನ್ನು ಹೊತ್ತು ತರುವುದಿಲ್ಲ, ಕಂಪ್ಯೂಟರಿನಲ್ಲಿ ಆಗಲೇ ಇರುವ ವೆಬ್‌ವ್ಯೂ (ವೆಬ್ ಪುಟ ತೋರಿಸುವ ಭಾಗ) ಬಳಸುತ್ತದೆ. ನನ್ನ ಇನ್‌ಸ್ಟಾಲರ್ ಕೆಲವೇ ಎಂಬಿಗೆ ಇಳಿಯಿತು. ಇದರ ಬೆಲೆ ಬೇರೆ ಕಡೆ ತೆರಬೇಕು. ವಿಂಡೋಸ್‌ನಲ್ಲಿ ವೆಬ್‌ವ್ಯೂ2, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ವೆಬ್‌ಕಿಟ್. ಹಾಗಾಗಿ ಒಂದು ಕಡೆ ನೆಟ್ಟಗಿದ್ದ ದಿನಾಂಕದ ಡಬ್ಬಿ ಇನ್ನೊಂದು ಕಡೆ ಬೇರೆಯೇ ಆಕಾರದಲ್ಲಿ ಬಂತು. ಟೌರಿ ಬಳಸುವ ರಸ್ಟ್ ಭಾಷೆಯ ಕೋಡ್ ಮೊದಲ ಸಲ ಕಂಪೈಲ್ ಆಗುವಾಗ (ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ಬರುವಾಗ) ಎದ್ದು ಹೋಗಿ ಬರಬಹುದು, ಅಷ್ಟು ಹೊತ್ತು. ಒಂದು ದಿನ ಬಟನ್ ಒತ್ತಿದರೆ ಒಂದು ಫೈಲಿನ ಹೆಸರೂ ಬದಲಾಗಲಿಲ್ಲ. ಟೌರಿಯ ಎರಡನೇ ಆವೃತ್ತಿಯಲ್ಲಿ ಫೈಲ್ ಮುಟ್ಟುವ ಅನುಮತಿಯನ್ನು 'ಕೇಪಬಿಲಿಟೀಸ್' ಫೈಲಿನಲ್ಲಿ ಬರೆದುಕೊಡಬೇಕು. ನಾನು ಬರೆದಿರಲಿಲ್ಲ. ರೇಗಿತು ನಿಜ, ಆದರೆ ಈ ಕಟ್ಟುನಿಟ್ಟು ನನಗೆ ಹಿಡಿಸಿತು.

ಈಗ ಬೇರೆಯವರಿಗೆ ಕೊಡುವುದು ಟೌರಿಯದು. ನಾನು ದಿನಾ ತೆರೆಯುವುದು ಟಿಕಿಂಟರಿನ ಆ ಬೂದು ವಿಂಡೋವನ್ನೇ; ಏನಾದರೂ ಬದಲಿಸಬೇಕೆಂದರೆ ಎರಡು ಸಾಲು ತಿದ್ದಿದರೆ ಸಾಕು, ಅಲ್ವಾ.

ಅಂದಹಾಗೆ, ಫೋಟೋದೊಳಗೆ ದಿನಾಂಕ ಇರುವುದು 2023:05:14 ಅನ್ನುವ ಥರ. ವಿಂಡೋಸ್ ಫೈಲ್ ಹೆಸರಿನಲ್ಲಿ ಕೋಲನ್ ಹಾಕುವಂತಿಲ್ಲ. ಅದನ್ನು ಹೈಫನ್ ಮಾಡಬೇಕು ಅನ್ನುವುದನ್ನು ಮೂರು ಸಲವೂ ಮರೆತಿದ್ದೆ.