ಚಳಿಗಾಲದ ಹಕ್ಕಿಗಳಿಗೆ ಯಾವ ಕಾಳು: ಸೂರ್ಯಕಾಂತಿಯೋ, ಕುಸುಬೆಯೋ, ಹುಚ್ಚೆಳ್ಳೋ?

ನ್ಯೂಜೆರ್ಸಿಯಲ್ಲಿ ಅಕ್ಟೋಬರ್ ಕಾಲಿಟ್ಟರೆ ಅಂಗಡಿಗಳಲ್ಲಿ ಹಕ್ಕಿಕಾಳಿನ ಮೂಟೆಗಳ ರಾಶಿ ಏಳುತ್ತದೆ. ಅವುಗಳಲ್ಲಿರುವುದೆಲ್ಲ ನಮ್ಮ ಕಡೆಯ ಹೊಲಗಳು ಬಲ್ಲ ಬೆಳೆಗಳೇ. ಮೂರನ್ನೂ ಹಿತ್ತಲಿನಲ್ಲಿ ಬೇರೆ ಬೇರೆ ಫೀಡರ್‌ಗಳಿಗೆ ತುಂಬಿ ನೋಡಿದ್ದೇನೆ. ಸುತ್ತ ಮರಗಳಿದ್ದು, ಒಂದೇ ಮೂಟೆ ಕೊಳ್ಳುವುದಾದರೆ ನನ್ನ ಮತ ಕುಸುಬೆಗೆ.

ಇಲ್ಲಿಯವರನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಕಪ್ಪು ಸೂರ್ಯಕಾಂತಿ ಎನ್ನುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಸಿಪ್ಪೆ ತೆಳು, ಎಣ್ಣೆ ಹೆಚ್ಚು. ಚಿಕಡೀ, ಟಿಟ್‌ಮೌಸ್, ನಟ್‌ಹ್ಯಾಚ್, ಬ್ಲೂ ಜೇ ಎಲ್ಲವೂ ಬರುತ್ತವೆ. ಚಿಕಡೀ ಒಂದೇ ಕಾಳು ಎತ್ತಿಕೊಂಡು ಕೊಂಬೆಗೆ ಹಾರಿ, ಅದನ್ನು ಪಾದಗಳ ನಡುವೆ ಅದುಮಿಟ್ಟು ಕೊಕ್ಕಿನಿಂದ ಕುಟ್ಟಿ ಒಡೆಯುತ್ತದೆ. ಚಳಿ ಹತ್ತಿರವಾದಂತೆ ತಿನ್ನುವುದಕ್ಕಿಂತ ತೊಗಟೆಯ ಸಂದುಗಳಲ್ಲಿ ಬಚ್ಚಿಡುವುದೇ ಹೆಚ್ಚು. ಆದರೆ ಸೂರ್ಯಕಾಂತಿ ಅಳಿಲಿಗೂ ಅಚ್ಚುಮೆಚ್ಚು. ಬೆನ್ನ ಮೇಲೆ ಮೂರು ಗೆರೆಯ ನಮ್ಮ ಪುಟ್ಟ ಅಳಿಲಲ್ಲ, ಬೂದು ಬಣ್ಣದ ದಾಂಡಿಗ. ಒಮ್ಮೆ ತಟ್ಟೆಯಲ್ಲಿ ಕುಳಿತಿತೆಂದರೆ ಹಕ್ಕಿಗಳಿಗೆ ಉಳಿಯುವುದು ಸಿಪ್ಪೆ. ಶರತ್ಕಾಲದಲ್ಲಿ ಗ್ರ್ಯಾಕಲ್ ಎಂಬ ಕಪ್ಪು ಹಕ್ಕಿಗಳ ಹಿಂಡು ಇಳಿದರಂತೂ ಮುಗಿಯಿತು. ಸಿಪ್ಪೆಯ ರಾಶಿಯ ಕೆಳಗೆ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ.

ಕುಸುಬೆ ಬಿಳಿ, ಗಟ್ಟಿ, ಸ್ವಲ್ಪ ಕಹಿ. ಅಳಿಲು ಮೂಸಿ ನೋಡಿ ಸಾಮಾನ್ಯವಾಗಿ ಹೊರಟುಹೋಗುತ್ತದೆ. ಗ್ರ್ಯಾಕಲ್‌ಗಳಿಗೂ ಅದು ಅಷ್ಟಾಗಿ ಹಿಡಿಸದು. ಹಕ್ಕಿಗಳೂ ಮೊದಮೊದಲು ತಿರುಗಿ ನೋಡುವುದಿಲ್ಲ, ಕಾಯಬೇಕು. ಒಗ್ಗಿದ ಮೇಲೆ ಕಾರ್ಡಿನಲ್ ಜೋಡಿ ಬರುವುದನ್ನು ನೋಡಬೇಕು! ಬೆಳಕು ಹರಿಯುವಾಗ ಮೊದಲು ಬರುವವೂ ಅವೇ, ಮುಸ್ಸಂಜೆಯಲ್ಲಿ ಕೊನೆಗೆ ಹೋಗುವವೂ ಅವೇ. ಗಂಡು ಕೆಂಪು, ಹೆಣ್ಣು ಕಂದು. ಇಬ್ಬರಿಗೂ ಅಡಕತ್ತರಿಯಂಥ ದಪ್ಪ ಕೊಕ್ಕು. ಕಾಳನ್ನು ನಾಲಿಗೆಯಿಂದ ಹೊರಳಿಸಿ, ಅಂಚಿಗೆ ತಂದು ಒತ್ತುತ್ತದೆ. ತಿರುಳು ಒಳಕ್ಕೆ, ಸಿಪ್ಪೆ ಕೊಕ್ಕಿನ ಬದಿಯಿಂದ ಹೊರಕ್ಕೆ. ಅದಕ್ಕೆ ಅಗಲವಾದ ಕೂರುಜಾಗ ಬೇಕು, ಆದ್ದರಿಂದ ಕುಸುಬೆಗೆ ಕೊಳವೆ ಫೀಡರ್ ಬೇಡ, ತಟ್ಟೆಯೋ ಸೂರಿನ ಪೆಟ್ಟಿಗೆಯೋ ಇರಲಿ. ಚಿಕಡೀ, ಟಿಟ್‌ಮೌಸ್‌ಗಳೂ ಇದಕ್ಕೆ ಬರುತ್ತವೆ. ನಟ್‌ಹ್ಯಾಚ್ ಮಾತ್ರ ನನ್ನ ಹಿತ್ತಲಿಗೆ ಬರುವುದು ಕಡಿಮೆಯಾಯಿತು. ಆ ನಷ್ಟ ನಿಜವೇ.

ಹುಚ್ಚೆಳ್ಳು ಮೂರರಲ್ಲೂ ದುಬಾರಿ. ಭಾರತ, ಇಥಿಯೋಪಿಯಾಗಳಿಂದ ಬರುವ ಸರಕು. ಅದರೊಡನೆ ಕಳೆ ಬಂದು ಮೊಳೆಯದಿರಲೆಂದು ಕಾಯಿಸಿಯೇ ಮಾರುತ್ತಾರೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಳದಿ ಹೂ ಬಿಡುವ ಈ ಬೆಳೆಗೆ ಇಲ್ಲಿ ಗಿರಾಕಿ ಗೋಲ್ಡ್‌ಫಿಂಚ್. (ಹಕ್ಕಿಗೆಂದು ಮಾರುವುದನ್ನು ಗುರೆಳ್ಳು ಚಟ್ನಿಪುಡಿಗೆ ಹುರಿಯಲು ಹೋಗಬೇಡಿ.) ಬೇಸಿಗೆಯಲ್ಲಿ ಅರಿಸಿನದ ಬಣ್ಣದ ಈ ಹಕ್ಕಿ ಚಳಿಗೆ ಮಾಸಲು ಕಂದುಹಸಿರಾಗುವುದರಿಂದ, ಊರು ಬಿಟ್ಟಿತೆಂದು ಹಲವರು ಭಾವಿಸುತ್ತಾರೆ, ಬಿಟ್ಟಿರುವುದು ಬಣ್ಣವನ್ನಷ್ಟೇ. ಸಣ್ಣ ಸೀಳುಗಳ ಕೊಳವೆಯೇ ಬೇಕು, ಮಳೆ ನೀರು ಒಳಗೆ ಹೋದರೆ ಕಾಳು ಮುದ್ದೆಯಾಗಿ ಬೂಸ್ಟು ಹಿಡಿಯುತ್ತದೆ. ಹಳತಾದ ಕಾಳನ್ನು ಗೋಲ್ಡ್‌ಫಿಂಚ್ ಮುಟ್ಟುವುದೂ ಇಲ್ಲ. ಆ ಹಕ್ಕಿಯ ಹುಚ್ಚಿದ್ದವರು ಸಣ್ಣ ಪೊಟ್ಟಣ ತನ್ನಿ, ಸಾಕು.

ಅಗ್ಗದ ಮಿಶ್ರಣದ ಮಾತೇ ಬೇಡ. ಅದರಲ್ಲಿ ಅರ್ಧಕ್ಕರ್ಧ ಕೆಂಪು ಜೋಳ. ಇಲ್ಲಿನ ಹಕ್ಕಿಗಳು ಅದನ್ನು ಕೊಕ್ಕಿನಿಂದ ಒದರಿ ನೆಲಕ್ಕೆ ಚೆಲ್ಲುತ್ತವೆ. ರೊಟ್ಟಿ ತಿಂದು ಬೆಳೆದವರಿಗೆ ಸಂಕಟವಾಗುವ ದೃಶ್ಯ. ಜಂಕೋಗಳಿಗೆ ಏನಾದರೂ ಹಾಕಬೇಕೆಂದರೆ ಬಿಳಿ ಬರಗು ಒಂದು ಹಿಡಿ ನೆಲಕ್ಕೆ ಎರಚಿ. ಬೂದು ಬೆನ್ನು, ಬಿಳಿ ಹೊಟ್ಟೆಯ ಈ ಹಕ್ಕಿಗಳು ಉತ್ತರದಿಂದ ಇಳಿದವೆಂದರೆ ಚಳಿ ಬಂತೆಂದೇ ಅರ್ಥ.

ಕಾಳು ಯಾವುದಾದರೂ ಇರಲಿ, ಎರಡು ವಾರಕ್ಕೊಮ್ಮೆ ಫೀಡರ್ ತೊಳೆಯಿರಿ: ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರು. ಹೌಸ್ ಫಿಂಚ್‌ಗಳನ್ನು 1994ರಿಂದ ಕಾಡುತ್ತಿರುವ ಕಣ್ಣುಬೇನೆ ಕೊಳವೆಯ ತೂತುಗಳ ಮೂಲಕವೂ ಹರಡುತ್ತದೆ. ಕಣ್ಣು ಊದಿದ ಹಕ್ಕಿ ಕಂಡರೆ ಫೀಡರ್ ಇಳಿಸಿ, ತೊಳೆದು, ಕೆಲವು ದಿನ ಕಟ್ಟದೆ ಬಿಡಿ. ತೂಗುವಾಗ ಪೂರ್ತಿ ಒಣಗಿರಲಿ.